ಹಳೆಯ ಎಂಜಿನಿಗೆ ಹೊಸ ಕಿವಿ

ಚೀಕಲಪರ್ವಿ ಎಂದೊಡನೆ ನಮ್ಮ ಕಡೆಯವರಿಗೆ ನೆನಪಾಗುವವರು ವಿಜಯದಾಸರು, ಆಮೇಲೆ ತುಂಗಭದ್ರೆ. ರೈಲು ಯಾರಿಗೂ ನೆನಪಾಗದು. ನಾನು ಚಿಕ್ಕವನಾಗಿದ್ದಾಗ ನಮ್ಮೂರಿನ ಹುಡುಗರು ರೈಲನ್ನು ಕಣ್ಣಾರೆ ಕಾಣಬೇಕಾದರೆ ಮಾನ್ವಿಗೆ ಬಂದು, ಬಸ್ಸು ಹತ್ತಿ, ರಾಯಚೂರಿಗೇ ಹೋಗಬೇಕಾಗಿತ್ತು. ಹಾಗೆ ಹೋದಾಗಲೆಲ್ಲ ನನ್ನ ಬಿಡಾರ ಸೋದರಮಾವನ ಮನೆಯಲ್ಲಿ. ಅವರು ರೈಲ್ವೆಯಲ್ಲಿ ಗಾರ್ಡರಾಗಿದ್ದವರು. ಅವರ ಮನೆಯ ಅಲಮಾರಿಯಲ್ಲಿ ಹಸಿರು ಕೆಂಪು ಬಾವುಟಗಳ ಪಕ್ಕದಲ್ಲಿ ಅಂಗೈಯಷ್ಟು ಉದ್ದದ ಒಂದು ಕಪ್ಪು ಉಗಿ ಎಂಜಿನ್ ಇತ್ತು. ಮುಂಬಯಿಯ ಹಳೆ ಸಾಮಾನಿನ ಬಜಾರಿನಲ್ಲಿ ಅವರು ಕೊಂಡು ತಂದದ್ದು. ಭಾನುವಾರ ಬಿಡುವಿದ್ದರೆ ಮಂಚದ ಕೆಳಗಿನಿಂದ ಹಳಿಗಳ ಪೆಟ್ಟಿಗೆ ಎಳೆದು, ನೆಲದ ಮೇಲೆ ಸುತ್ತು ಜೋಡಿಸಿ, ಅದನ್ನು ಓಡಿಸಿ ತೋರಿಸುತ್ತಿದ್ದರು.

ಮಾವ ಈಗಿಲ್ಲ. ಅವರ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ. ಹೋದ ಬೇಸಿಗೆಯ ರಜೆಗೆ ಅವರು ಊರಿಗೆ ಬಂದಾಗ ತಮ್ಮ ಮಗಳಿಗಾಗಿ ಕೊಂಡಿದ್ದ ಹೊಸ ಬಗೆಯ ಮಾದರಿ ರೈಲನ್ನೂ ತಂದಿದ್ದರು. ಆ ಹುಡುಗಿ ಅಲಮಾರಿಯಿಂದ ಅಜ್ಜನ ಎಂಜಿನನ್ನು ಇಳಿಸಿ ತನ್ನ ಹಳಿಯ ಮೇಲೆ ಇಟ್ಟಳು. ಅದು ಹೊರಡಲಿಲ್ಲ; ಜೀರುಂಡೆಯ ಹಾಗೆ ಗುಂಯ್ ಎಂದು ಸದ್ದು ಮಾಡುತ್ತ ನಿಂತಲ್ಲೇ ಬಿಸಿಯಾಗತೊಡಗಿತು. "ಮಾಮಾ, ಅಜ್ಜನ ಎಂಜಿನ್ ಯಾಕ ಓಡವಲ್ದು?" ಎಂದು ನನ್ನನ್ನು ಕೇಳಿದಳು. ಕಲಾ ವಿಭಾಗದ ವಿದ್ಯಾರ್ಥಿಯಾದ ನನಗೆ ಆಗ ಉತ್ತರ ತಿಳಿದಿರಲಿಲ್ಲ. ಉತ್ತರ ಹುಡುಕುತ್ತ ಹೋಗಿ ತಿಳಿದುಕೊಂಡದ್ದನ್ನೂ, ಆ ಎಂಜಿನನ್ನು ಹೊಸ ಹಳಿಯ ಮೇಲೆ ಓಡಿಸಲು ಪಟ್ಟ ಪಾಡನ್ನೂ ಸಹಪಾಠಿ ಮಿತ್ರರ ಮುಂದೆ ಇಡುತ್ತಿದ್ದೇನೆ. ವಿಜ್ಞಾನ ಬಲ್ಲ ಅಧ್ಯಾಪಕರು ತಪ್ಪು ಕಂಡರೆ ತಿದ್ದಬೇಕಾಗಿ ಪ್ರಾರ್ಥನೆ.

ಮೊದಲು ಹಳೆಯ ಪದ್ಧತಿಯನ್ನು ತಿಳಿಯಬೇಕು. ಮಾವನ ಎಂಜಿನ್ ಇಂಗ್ಲೆಂಡಿನ ಟ್ರೈ-ಆಂಗ್ ಕಂಪನಿಯದು. ಅಲ್ಲಿಯ ಒಂದು ಆರು ಚಕ್ರದ ಸಣ್ಣ ಉಗಿ ಎಂಜಿನಿನ ಮಾದರಿ. ಅದಕ್ಕೆ ಜಿಂಟಿ ಎಂದು ಅಡ್ಡಹೆಸರು. ನಿಜವಾದ ಎಂಜಿನಿನ ೭೬ನೆಯ ಒಂದು ಪಾಲಿನಷ್ಟು ಅದರ ಅಳತೆ. ಹಳಿಗಳ ನಡುವಣ ಅಂತರ ೧೬.೫ ಮಿಲಿಮೀಟರು. (ನಮ್ಮ ರಾಯಚೂರಿನ ದೊಡ್ಡ ಹಳಿಯ ಅಂತರ ೧೬೭೬ ಮಿಲಿಮೀಟರು.) ಒಳಗೆ ಉಗಿಯಿಲ್ಲ, ಒಂದು ವಿದ್ಯುತ್ ಮೋಟಾರು ಅಷ್ಟೆ. ಎರಡು ಹಳಿಗಳೇ ಎರಡು ತಂತಿಗಳು. ಪೆಟ್ಟಿಗೆಯ ಗುಂಡಿಯನ್ನು ತಿರುಗಿಸಿದಂತೆ ಹಳಿಯಲ್ಲಿ ಸೊನ್ನೆಯಿಂದ ೧೨ ವೋಲ್ಟಿನವರೆಗೆ ಏಕಮುಖ ವಿದ್ಯುತ್ತು ಏರುತ್ತದೆ, ಎಂಜಿನಿನ ವೇಗವೂ ಏರುತ್ತದೆ. ಧನ ಋಣಗಳನ್ನು ಅದಲು ಬದಲು ಮಾಡಿದರೆ ಎಂಜಿನ್ ಹಿಂದಕ್ಕೆ ಓಡುತ್ತದೆ. ಸರಳವಾದ ಏರ್ಪಾಡು, ಕೆಡುವುದೂ ಕಡಿಮೆ.

ಇದರ ಕೊರತೆ ನಮ್ಮ ಸೀಮೆಯ ರೈತನಿಗೆ ಬೇಗ ತಿಳಿದೀತು. ತುಂಗಭದ್ರೆಯ ಎಡದಂಡೆ ಕಾಲುವೆಯನ್ನು ನೆನೆಯಿರಿ. ಹೊಲಗಳಿಗೆ ತೂಬುಗಳೇ ಇಲ್ಲದೆ ಕಾಲುವೆಯ ನೀರು ನೇರವಾಗಿ ಹರಿಯುವುದಾಗಿದ್ದರೆ, ಮೇಲೆ ನೀರು ಹೆಚ್ಚು ಬಿಟ್ಟಾಗ ಎಲ್ಲ ಹೊಲಕ್ಕೂ ಹೆಚ್ಚು, ನಿಲ್ಲಿಸಿದಾಗ ಎಲ್ಲಕ್ಕೂ ನಿಂತಂತೆ. ಹಳೆಯ ಪದ್ಧತಿಯ ಹಳಿ ಹಾಗೆಯೇ. ಅದರ ಮೇಲೆ ಎರಡು ಎಂಜಿನುಗಳನ್ನಿಟ್ಟರೆ ಎರಡೂ ಒಟ್ಟಿಗೆ ಹೊರಡುತ್ತವೆ, ಒಟ್ಟಿಗೆ ನಿಲ್ಲುತ್ತವೆ. ಒಂದನ್ನು ನಿಲ್ಲಿಸಿ ಇನ್ನೊಂದನ್ನು ಓಡಿಸಬೇಕಾದರೆ ಹಳಿಯನ್ನು ತುಂಡು ತುಂಡಾಗಿ ಬೇರ್ಪಡಿಸಿ, ಒಂದೊಂದು ತುಂಡಿಗೂ ಒಂದೊಂದು ಸ್ವಿಚ್ಚು ಇಡಬೇಕು. ದೊಡ್ಡ ಮಾದರಿಗಳಲ್ಲಿ ಸ್ವಿಚ್ಚುಗಳ ಹಲಗೆಯೇ ಒಂದು ಮೇಜಿನಷ್ಟಾಗುತ್ತಿತ್ತಂತೆ. ಆಡುವವನು ರೈಲು ಓಡಿಸುವುದನ್ನು ಬಿಟ್ಟು ಸ್ವಿಚ್ಚು ಕಾಯುವವನಾಗಿಬಿಡುತ್ತಿದ್ದ.

ಹೊಸ ಪದ್ಧತಿಗೆ ಡಿಜಿಟಲ್ ಕಮಾಂಡ್ ಕಂಟ್ರೋಲ್ ಎಂದು ಹೆಸರು, ಚಿಕ್ಕದಾಗಿ ಡಿ.ಸಿ.ಸಿ. ಎನ್ನುತ್ತಾರೆ. ಇದರಲ್ಲಿ ಕಾಲುವೆ ಸದಾ ತುಂಬಿಯೇ ಇರುತ್ತದೆ. ಹಳಿಯಲ್ಲಿ ಎಲ್ಲ ಹೊತ್ತಿನಲ್ಲೂ ಸುಮಾರು ೧೪-೧೫ ವೋಲ್ಟಿನ ವಿದ್ಯುತ್ತು ಪೂರ್ತಿಯಾಗಿ ಹರಿಯುತ್ತಿರುತ್ತದೆ. ಆದರೆ ಒಂದೊಂದು ಎಂಜಿನಿನ ಹೊಟ್ಟೆಯಲ್ಲೂ ಒಂದೊಂದು ತೂಬು, ಅದಕ್ಕೊಬ್ಬ ನೀರಗಂಟಿ. ತನ್ನ ಹೆಸರು ಹಿಡಿದು ಕರೆದಾಗ ಮಾತ್ರ ಆತ ತೂಬನ್ನು ಎತ್ತುತ್ತಾನೆ, ಹೇಳಿದಷ್ಟೇ ಎತ್ತುತ್ತಾನೆ. ಈ ನೀರಗಂಟಿಯೇ ಡಿಕೋಡರ್. ಉಗುರಿನಷ್ಟು ಅಗಲದ ಒಂದು ಫಲಕ, ಅದರಿಂದ ಹೊರಟ ಬಣ್ಣ ಬಣ್ಣದ ಕೆಲವು ತಂತಿಗಳು.

ಕರೆಯುವುದು ಹೇಗೆ? ಬೇರೆ ತಂತಿಯಿಲ್ಲ, ರೇಡಿಯೋ ಇಲ್ಲ. ಹಳಿಯಲ್ಲಿರುವ ವಿದ್ಯುತ್ತೇ ಮಾತನಾಡುತ್ತದೆ. ಆ ವಿದ್ಯುತ್ತು ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುತ್ತಿರುತ್ತದೆ. ಒಂದು ದಿಕ್ಕಿನಲ್ಲಿ ಅದು ೫೮ ಮೈಕ್ರೋಸೆಕೆಂಡು ನಿಂತು, ಇನ್ನೊಂದು ದಿಕ್ಕಿನಲ್ಲೂ ಅಷ್ಟೇ ನಿಂತರೆ 'ಒಂದು' ಎಂದರ್ಥ. ೧೦೦ ಮೈಕ್ರೋಸೆಕೆಂಡೋ ಅದಕ್ಕೂ ಹೆಚ್ಚೋ ನಿಂತರೆ 'ಸೊನ್ನೆ'. (ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ಒಂದು ಮೈಕ್ರೋಸೆಕೆಂಡು.) ಛಂದಸ್ಸು ಓದಿದ ನಮಗೆ ಇದು ಹೊಸದೇನಲ್ಲ, ಲಘು ಗುರುಗಳ ಪ್ರಸ್ತಾರವೇ. ಚಿಕ್ಕದು ಒಂದು, ದೊಡ್ಡದು ಸೊನ್ನೆ, ಇವೆರಡರಿಂದಲೇ ಇಡೀ ಆಜ್ಞೆಯನ್ನು ಹೆಣೆಯುತ್ತಾರೆ.

ತರಗತಿಯಲ್ಲಿ ಹಾಜರಿ ಕೂಗುವುದನ್ನು ಹೋಲಿಕೆಗೆ ತೆಗೆದುಕೊಳ್ಳಬಹುದು. ಮೇಷ್ಟ್ರು ಮೊದಲು ಗಂಟಲು ಸರಿಪಡಿಸಿಕೊಳ್ಳುತ್ತಾರೆ. ಇಲ್ಲಿ ಅದು ಸಾಲಾಗಿ ಬರುವ ಕನಿಷ್ಠ ಹದಿನಾಲ್ಕು 'ಒಂದು'ಗಳು. ಅನಂತರ ಸಂಖ್ಯೆ ಕೂಗುತ್ತಾರೆ; ಇಲ್ಲಿ ಎಂಜಿನಿನ ವಿಳಾಸ. ಆಮೇಲೆ ಆಜ್ಞೆ: ಮುಂದಕ್ಕೋ ಹಿಂದಕ್ಕೋ, ಎಷ್ಟು ವೇಗ. ಕೂಗಿದ್ದು ಎಲ್ಲರ ಕಿವಿಗೂ ಬೀಳುತ್ತದೆ, ಆ ಸಂಖ್ಯೆಯವನು ಮಾತ್ರ ಎದ್ದು ನಿಲ್ಲುತ್ತಾನೆ. ಕೊನೆಯಲ್ಲಿ ಒಂದು ತಾಳೆ ಅಂಕಿ ಬರುತ್ತದೆ. ಅದರ ಲೆಕ್ಕ ನನಗೆ ಬಹಳ ಹಿಡಿಸಿತು. ವಿಳಾಸ ೩ ಎನ್ನಿ; ಎಂಟು ಮನೆಗಳಲ್ಲಿ ಬರೆದರೆ ೦೦೦೦೦೦೧೧. ಆಜ್ಞೆ ೦೧೧೧೦೧೦೦ ಎನ್ನಿ. ಎರಡನ್ನೂ ಮೇಲೆ ಕೆಳಗೆ ಬರೆದು, ಎರಡೂ ಒಂದೇ ಇರುವ ಮನೆಯಲ್ಲಿ ೦, ಬೇರೆ ಬೇರೆ ಇರುವ ಮನೆಯಲ್ಲಿ ೧ ಬರೆಯಿರಿ. ೦೧೧೧೦೧೧೧ ಬರುತ್ತದೆ. ಡಿಕೋಡರ್ ತಾನೂ ಈ ಲೆಕ್ಕ ಮಾಡುತ್ತದೆ. ಬಂದ ತಾಳೆ ಅಂಕಿಗೂ ತನ್ನ ಲೆಕ್ಕಕ್ಕೂ ಹೊಂದಿದರೆ ಆಜ್ಞೆ ಪಾಲಿಸುತ್ತದೆ, ಇಲ್ಲದಿದ್ದರೆ ಕೇಳಿಸಲೇ ಇಲ್ಲವೆಂಬಂತೆ ಇರುತ್ತದೆ. ಹಳಿಯ ಮೇಲೆ ಧೂಳು ಕೂತು ಮಾತು ತೊದಲಿದರೂ ಎಂಜಿನ್ ತಪ್ಪು ತಿಳಿದು ಓಡಿಹೋಗದಿರಲು ಈ ಕಾವಲು. ಇಷ್ಟೆಲ್ಲ ಒಂದು ಕೂಗಿಗೆ ಹಿಡಿಯುವ ಕಾಲ ಸೆಕೆಂಡಿನ ಸಾವಿರದ ಆರೇಳು ಪಾಲು. ಹಾಗಾಗಿ ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ ಹಾಜರಿ ನಡೆಯುತ್ತದೆ.

ಈಗ ಹುಡುಗಿಯ ಪ್ರಶ್ನೆಗೆ ಉತ್ತರ ಸಿಕ್ಕಿತು. ಹಳೆಯ ಎಂಜಿನಿಗೆ ಕಿವಿಯಿಲ್ಲ. ಕ್ಷಣಕ್ಕೆ ಸಾವಿರಾರು ಸಲ ಮುಂದೆ ಹಿಂದೆ ಎಂದು ನೂಕುವ ವಿದ್ಯುತ್ತು ಅದರ ಮೋಟಾರಿಗೆ ನೇರವಾಗಿ ತಾಗುತ್ತದೆ. ಯಾವ ಕಡೆಗೂ ತಿರುಗಲಾರದೆ ಅದು ಗುಂಯ್ಗುಡುತ್ತದೆ, ಕಾಯುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಸುರುಳಿ ಸುಟ್ಟೀತು. ಸೊನ್ನೆಯ ಒಂದು ಅರ್ಧವನ್ನು ಉದ್ದ ಮಾಡಿ, ಕಿವಿಯಿಲ್ಲದ ಒಂದು ಎಂಜಿನನ್ನು ಹೇಗೋ ಓಡಿಸುವ ಉಪಾಯ ಕೆಲವು ನಿಯಂತ್ರಕಗಳಲ್ಲಿ ಉಂಟು. ಅದು ಮೋಟಾರಿಗೆ ಒಳ್ಳೆಯದಲ್ಲ. ಅದರ ಮಾತು ಬೇಡ.

ಈ ಪದ್ಧತಿ ಒಂದೇ ದಿನಕ್ಕೆ ಹುಟ್ಟಿದ್ದಲ್ಲ. ಹಾರ್ನ್‌ಬಿ ಕಂಪನಿ ೧೯೭೯ರಲ್ಲಿ ಜೀರೋ ಒನ್ ಎಂಬ ಹೆಸರಿನಲ್ಲಿ ಹದಿನಾರು ಎಂಜಿನುಗಳನ್ನು ಬೇರೆ ಬೇರೆಯಾಗಿ ಓಡಿಸುವ ಏರ್ಪಾಡನ್ನು ಮಾರುಕಟ್ಟೆಗೆ ತಂದಿತ್ತು. ಇಂದಿನ ಡಿ.ಸಿ.ಸಿ.ಯ ಬೇರು ಜರ್ಮನಿಯದು. ೧೯೮೦ರ ದಶಕದಲ್ಲಿ ಬರ್ಂಡ್ ಲೆಂಜ್ ಎಂಬಾತನ ಕಂಪನಿ ಇದನ್ನು ರೂಪಿಸಿತು. ಅಮೆರಿಕದ ರಾಷ್ಟ್ರೀಯ ಮಾದರಿ ರೈಲು ಸಂಘ (೧೯೩೫ರಲ್ಲಿ ಸ್ಥಾಪನೆಯಾದದ್ದು) ಅದನ್ನೇ ಆಧಾರವಾಗಿಟ್ಟುಕೊಂಡು ೧೯೯೪ರಲ್ಲಿ ಎಲ್ಲರಿಗೂ ಒಂದೇ ಪ್ರಮಾಣವನ್ನು ಗೊತ್ತುಪಡಿಸಿತು. ಒಬ್ಬರ ನಿಯಂತ್ರಕ, ಇನ್ನೊಬ್ಬರ ಡಿಕೋಡರ್, ಮೂರನೆಯವರ ಎಂಜಿನ್ ಒಂದೇ ಹಳಿಯ ಮೇಲೆ ಹೊಂದಿಕೊಂಡು ನಡೆಯುವುದು ಈ ಪ್ರಮಾಣದಿಂದ. ೧೮೭೧ರಲ್ಲಿ ಮುಂಬಯಿ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯೂ ಮದರಾಸು ಕಡೆಯಿಂದ ಬಂದ ಮದ್ರಾಸ್ ರೈಲ್ವೆಯೂ ನಮ್ಮ ರಾಯಚೂರಿನಲ್ಲಿ ಕೂಡಿಕೊಂಡುವಷ್ಟೆ. ಎರಡು ಕಂಪನಿಗಳ ಹಳಿಯ ಅಗಲ ಒಂದೇ ಇದ್ದುದರಿಂದಲೇ ಅದು ಸಾಧ್ಯವಾಯಿತು. ಪ್ರಮಾಣದ ಬೆಲೆ ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ.

ಇನ್ನು ಪರಿವರ್ತನೆಯ ಕೆಲಸ. ಹೊಸ ಎಂಜಿನುಗಳಲ್ಲಿ ಎಂಟು ಸೂಜಿಗಳದೋ ಇಪ್ಪತ್ತೊಂದು ಸೂಜಿಗಳದೋ ಒಂದು ಸಾಕೆಟ್ ಇರುತ್ತದೆ. ಡಿಕೋಡರನ್ನು ಅದಕ್ಕೆ ಸಿಕ್ಕಿಸಿದರೆ ಮುಗಿಯಿತು, ಐದು ನಿಮಿಷದ ಕೆಲಸ. ಹಳೆಯವುಗಳಲ್ಲಿ ಹಾಗಿಲ್ಲ. ಅವುಗಳನ್ನು ಮಾಡಿದವರಿಗೆ ಮುಂದೊಂದು ದಿನ ಇಂಥದೊಂದು ಬರುತ್ತದೆಂದು ಕನಸೂ ಬಿದ್ದಿರಲಾರದು.

ಮೊದಲ ಕೆಲಸ, ಎಂಜಿನ್ ಹಳೆಯ ಪದ್ಧತಿಯಲ್ಲೇ ಚೆನ್ನಾಗಿ ಓಡುತ್ತದೆಯೇ ಎಂದು ನೋಡುವುದು. ಓಡದ ಎಂಜಿನಿಗೆ ಡಿಕೋಡರ್ ಹಾಕಿದರೆ ಓಡದ ಡಿಜಿಟಲ್ ಎಂಜಿನ್ ಆದೀತು. ಮಾವನ ಎಂಜಿನಿನಲ್ಲಿ ಒಣಗಿದ ಎಣ್ಣೆ ಅಂಟಿನಂತಾಗಿತ್ತು, ಹಲ್ಲುಚಕ್ರಗಳಲ್ಲಿ ಕಂಬಳಿಯ ಎಳೆಗಳು ಸುತ್ತಿಕೊಂಡಿದ್ದವು, ಚಕ್ರದ ಅಂಚಿನಲ್ಲಿ ಕರಿ ಕಟ್ಟಿತ್ತು. ಎಲ್ಲವನ್ನೂ ತೆಗೆದು, ಹೊಲಿಗೆ ಯಂತ್ರದ ಎಣ್ಣೆಯನ್ನು ಸೂಜಿಯ ತುದಿಯಿಂದ ಒಂದೊಂದೇ ಹನಿ ಬಿಟ್ಟೆ. ಸತುವಿನ ಮಿಶ್ರಲೋಹದ ಎರಕ ಹಳತಾದರೆ ತಾನಾಗಿ ಉಬ್ಬಿ ಬಿರುಕು ಬಿಡುವ ಒಂದು ರೋಗ ಉಂಟು, ಅದನ್ನೂ ನೋಡಿಕೊಳ್ಳಬೇಕು. ಪುಣ್ಯಕ್ಕೆ ನಮ್ಮದರಲ್ಲಿ ಇರಲಿಲ್ಲ. ಇನ್ನೊಂದು ಎಚ್ಚರಿಕೆ: ಈ ಹಳೆಯ ಮೋಟಾರುಗಳ ಕಾಂತವನ್ನು ಅದರ ಕಬ್ಬಿಣದ ತುಂಡುಗಳ ನಡುವಿನಿಂದ ಹೊರಗೆ ತೆಗೆಯಕೂಡದು. ತೆಗೆದರೆ ಅದರ ಶಕ್ತಿ ಕುಂದಿಹೋಗುತ್ತದೆ. ಮರಳಿ ಇಟ್ಟರೂ ಬರುವುದಿಲ್ಲ.

ಎರಡನೆಯದು, ಮೋಟಾರು ಎಷ್ಟು ವಿದ್ಯುತ್ತು ಕುಡಿಯುತ್ತದೆಂದು ಅಳೆಯುವುದು. ಓಡುವಾಗ ಅಳೆದರೆ ಸಾಲದು. ೧೨ ವೋಲ್ಟು ಕೊಟ್ಟು, ಮೀಟರನ್ನು ನಡುವೆ ಜೋಡಿಸಿ, ಚಕ್ರವನ್ನು ಬೆರಳಿನಿಂದ ಒಂದು ಕ್ಷಣ ಹಿಡಿದು ನಿಲ್ಲಿಸಿ ಅಂಕಿಯನ್ನು ಓದಬೇಕು. ನಿಂತ ಮೋಟಾರು ಓಡುವ ಮೋಟಾರಿಗಿಂತ ಬಹಳ ಹೆಚ್ಚು ಕುಡಿಯುತ್ತದೆ. ಪಂಪ್‌ಸೆಟ್ ಇಟ್ಟ ರೈತರಿಗೆಲ್ಲ ಇದು ಗೊತ್ತು. ಈ ಅಂಕಿ ಡಿಕೋಡರಿನ ತಾಳಿಕೆಗಿಂತ ಕಡಿಮೆ ಇರಬೇಕು. ಈ ಅಳತೆಯ ಡಿಕೋಡರುಗಳು ಸಾಮಾನ್ಯವಾಗಿ ಒಂದು ಆಂಪಿಯರು ತಾಳುತ್ತವೆ. ನಮ್ಮ ಮೋಟಾರು ಶುದ್ಧಿಯಾದ ಮೇಲೆ ಒಂದಕ್ಕೆ ತುಸು ಕೆಳಗೆ ನಿಂತಿತು.

ಮೂರನೆಯದೇ ಎಲ್ಲದರ ಮರ್ಮ. ಇಲ್ಲಿಯೇ ನಾನು ಮುಗ್ಗರಿಸಿದ್ದು, ಆದುದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಹಳೆಯ ಎಂಜಿನಿನಲ್ಲಿ ಖರ್ಚು ಉಳಿಸಲು ಒಂದು ಜಾಣತನ ಮಾಡಿರುತ್ತಾರೆ. ಒಂದು ಮಗ್ಗುಲಿನ ಚಕ್ರಗಳಿಂದ ತಾಮ್ರದ ಪಟ್ಟಿಯೊಂದು ವಿದ್ಯುತ್ತನ್ನು ಎತ್ತಿ ತಂತಿಯ ಮೂಲಕ ಮೋಟಾರಿನ ಒಂದು ಬ್ರಷ್ಷಿಗೆ ಒಯ್ಯುತ್ತದೆ. ಇನ್ನೊಂದು ಮಗ್ಗುಲಿಗೆ ತಂತಿಯೇ ಇಲ್ಲ. ಚಕ್ರ, ಅಚ್ಚು, ಲೋಹದ ಚೌಕಟ್ಟು ಎಲ್ಲ ಸೇರಿ ತಂತಿಯ ಕೆಲಸ ಮಾಡುತ್ತವೆ. ಎಕ್ಸ್ ೦೪ ಎಂಬ ಈ ಮೋಟಾರಿನಲ್ಲಿ ಎರಡು ಬ್ರಷ್ಷುಗಳನ್ನೂ ಒತ್ತಿ ಹಿಡಿಯುವುದು ಎರಡು ಕಾಲಿನ ಒಂದೇ ಸ್ಪ್ರಿಂಗು. ಒಂದು ಕಾಲಿಗೆ ವಿದ್ಯುತ್ತು ಹಾಯದ ಸಣ್ಣ ಕೊಳವೆ, ಅಂದರೆ ಸ್ಲೀವ್ ತೊಡಿಸಿರುತ್ತಾರೆ. ಇನ್ನೊಂದು ಕಾಲು ಬರಿಯದು. ಆ ಮೂಲಕವೇ ಚೌಕಟ್ಟಿನ ವಿದ್ಯುತ್ತು ಎರಡನೆಯ ಬ್ರಷ್ಷಿಗೆ ಹೋಗುವುದು.

ಡಿ.ಸಿ.ಸಿ.ಯಲ್ಲಿ ಇದು ನಡೆಯದು. ಹಳಿಯ ವಿದ್ಯುತ್ತು ಮೊದಲು ಡಿಕೋಡರಿಗೆ ಬರಬೇಕು, ಡಿಕೋಡರಿನಿಂದ ಮಾತ್ರ ಮೋಟಾರಿಗೆ ಹೋಗಬೇಕು. ಬೇರೆ ಕಳ್ಳದಾರಿ ಒಂದು ಕೂದಲೆಳೆಯಷ್ಟಿದ್ದರೂ ಹಳಿಯ ಪೂರ್ತಿ ವಿದ್ಯುತ್ತು ಹಿಂಬಾಗಿಲಿನಿಂದ ನೀರಗಂಟಿಯ ಬೆನ್ನಿಗೆ ಬಂದು ಹೊಡೆಯುತ್ತದೆ. ಆದ್ದರಿಂದ ಎರಡು ಬ್ರಷ್ಷುಗಳೂ ಚೌಕಟ್ಟಿನಿಂದ ಪೂರ್ತಿ ಬೇರೆಯಾಗಿರಬೇಕು. ಇದಕ್ಕಾಗಿ ನಾನು ಸ್ಪ್ರಿಂಗಿನ ಬರಿಯ ಕಾಲಿಗೂ ಹಳೆಯ ವಯರಿನ ಸಿಪ್ಪೆಯನ್ನು ಸ್ಲೀವಿನಂತೆ ತೊಡಿಸಿದೆ, ಮೀಟರು ಇಟ್ಟು ನೋಡಿದೆ, ಸಂಬಂಧ ಕಡಿದಿತ್ತು. ಹಿಗ್ಗಿನಿಂದ ಮೋಟಾರನ್ನು ಕೂರಿಸಿ, ತಿರುಪು ಬಿಗಿದು, ಡಿಕೋಡರ್ ಬೆಸೆದು, ಪೂರ್ತಿ ವಿದ್ಯುತ್ತು ಇದ್ದ ಹಳಿಯ ಮೇಲೆಯೇ ಇಟ್ಟೆ. ಹೊಗೆ ಬಂತು. ಉಗಿ ಎಂಜಿನಿನಿಂದ ಹೊಗೆ ಬಂದರೆ ಹುಡುಗಿಗೆ ಸಂತೋಷವೇ, ಚಪ್ಪಾಳೆ ತಟ್ಟಿದಳು. ನನ್ನ ಹಾಸ್ಟೆಲಿನ ಒಂದು ತಿಂಗಳ ಊಟದ ಹಣ ಆ ಹೊಗೆಯಲ್ಲಿ ಹೋಯಿತು.

ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಇನ್ನ ಬಿಚ್ಚಬ್ಯಾಡ ತಮ್ಮಾ. ನಿಮ್ಮ ಮಾವನ ಕೈ ಅದರ ಮ್ಯಾಲ ಐತಿ. ಓಡದಿದ್ರ ಓಡದs ಇರ್ಲಿ" ಎಂದರು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.

ತಪ್ಪು ಎಲ್ಲಿ ಆಯಿತೆಂದು ತೋರಿಸಿಕೊಟ್ಟವರು ಮಾನ್ವಿಯಲ್ಲಿ ಪಂಪ್‌ಸೆಟ್ ಮೋಟಾರುಗಳ ವೈಂಡಿಂಗ್ ಮಾಡುವ ಒಬ್ಬ ಮೇಸ್ತ್ರಿ. ಅವರು ಡಿ.ಸಿ.ಸಿ.ಯ ಹೆಸರನ್ನೂ ಕೇಳಿದವರಲ್ಲ. ಎಂಜಿನನ್ನು ತಿರುಗಿಸಿ ನೋಡಿ, "ಇದು ಬಾಡಿ ಶಾರ್ಟ್ ಆಗೈತಿ" ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು. ತಿರುಪು ಬಿಗಿದಾಗ ಸ್ಪ್ರಿಂಗಿನ ಅಂಚು ನನ್ನ ತೆಳುವಾದ ಸ್ಲೀವನ್ನು ಕತ್ತರಿಸಿತ್ತು. ನಾನು ಅಳೆದದ್ದು ಬಿಗಿಯುವ ಮೊದಲು. ಅಳೆಯಬೇಕಾದದ್ದು ಬಿಗಿದ ಮೇಲೆ. ಅವರು ತಮ್ಮ ಅಂಗಡಿಯಲ್ಲಿದ್ದ ಗಾಜಿನ ನೂಲಿನ ಸಣ್ಣ ಸ್ಲೀವಿನಲ್ಲಿ ಎರಡು ತುಂಡು ಕತ್ತರಿಸಿ ಕೊಟ್ಟರು, ದುಡ್ಡು ಮುಟ್ಟಲಿಲ್ಲ. ಮೋಟಾರನ್ನು ಪೂರ್ತಿ ಕೂರಿಸಿ, ಮೇಲಿನ ಕವಚವನ್ನೂ ಹಾಕಿ, ಚಕ್ರವನ್ನು ಕೈಯಿಂದ ತಿರುಗಿಸುತ್ತ ತಿರುಗಿಸುತ್ತ, ಒಂದೊಂದು ಬ್ರಷ್ಷಿನಿಂದ ಎರಡು ಹಳಿಗಳ ಕಡೆಯ ಚಕ್ರಗಳಿಗೂ ಮೀಟರಿನಿಂದ ನೋಡಬೇಕೆಂದು ಅವರು ಹೇಳಿದರು. ಯಾವ ತಿರುವಿನಲ್ಲೂ ಮುಳ್ಳು ಅಲುಗಕೂಡದು.

ತಂತಿಗಳ ಜೋಡಣೆ ಅನಂತರ ಸುಲಭ. ಬಣ್ಣಗಳಿಗೆ ಪ್ರಮಾಣ ಉಂಟು. ಕೆಂಪು ಬಲಗಡೆಯ ಹಳಿಗೆ, ಕಪ್ಪು ಎಡಗಡೆಯ ಹಳಿಗೆ. ಕಿತ್ತಳೆ ಮತ್ತು ಬೂದು ಮೋಟಾರಿನ ಎರಡು ಬ್ರಷ್ಷುಗಳಿಗೆ. ಬಿಳಿ ಮುಂದಿನ ದೀಪಕ್ಕೆ, ಹಳದಿ ಹಿಂದಿನ ದೀಪಕ್ಕೆ, ನೀಲಿ ಎರಡು ದೀಪಗಳಿಗೂ ಸಮಾನವಾದ ಧನ ತಂತಿ. ಎಂಜಿನ್ ಹಿಂದು ಮುಂದಾಗಿ ಓಡಿದರೆ ಗಾಬರಿ ಬೇಡ, ಕಿತ್ತಳೆ ಬೂದುಗಳನ್ನು ಅದಲು ಬದಲು ಮಾಡಿದರಾಯಿತು. ರೇಡಿಯೋಗೆ ತೊಂದರೆಯಾಗದಿರಲೆಂದು ಹಿಂದಿನವರು ಮೋಟಾರಿಗೆ ಒಂದು ಸಣ್ಣ ಕೆಪಾಸಿಟರ್ ಕಟ್ಟಿರುತ್ತಿದ್ದರು. ಅದನ್ನು ತೆಗೆಯಬೇಕು, ಇಲ್ಲದಿದ್ದರೆ ಡಿಕೋಡರಿನ ಕೆಲಸಕ್ಕೆ ಅಡ್ಡಿ. ಹೊಸ ಎಲ್.ಇ.ಡಿ. ದೀಪ ಹಾಕುವವರು ಒಂದು ಸಾವಿರ ಓಮಿನ ತಡೆಯನ್ನು ಜೊತೆಗೆ ಇಡಬೇಕು. ಡಿಕೋಡರನ್ನು ಚೌಕಟ್ಟಿಗೆ ತಾಗದಂತೆ ಅಂಟಿಸಬೇಕು ಸರಿಯೆ, ಹಾಗೆಂದು ಟೇಪಿನಿಂದ ಹೆಣದಂತೆ ಸುತ್ತಿಬಿಡಬಾರದು. ಅದಕ್ಕೆ ಉಸಿರಾಡಲು ಗಾಳಿ ಬೇಕು.

ಎರಡನೆಯ ಸಲ ನಾನು ನೇರವಾಗಿ ದೊಡ್ಡ ಹಳಿಯ ಮೇಲೆ ಇಡಲಿಲ್ಲ. ನಿಯಂತ್ರಕದಿಂದ ಬೇರೊಂದು ತುಂಡು ಹಳಿಗೆ ಅಲ್ಪ ವಿದ್ಯುತ್ತನ್ನು ಮಾತ್ರ ಕೊಡುವ ಏರ್ಪಾಡು ಇದೆ. ಅಲ್ಲಿ ತಪ್ಪಿದ್ದರೆ ತಿಳಿಯುತ್ತದೆ, ಏನೂ ಸುಡುವುದಿಲ್ಲ. ಆ ಹಳಿಯ ಮೇಲೆ ಡಿಕೋಡರನ್ನು ಪ್ರಶ್ನೆ ಕೇಳಬಹುದು. ಉತ್ತರ ಹೌದಾದರೆ ಅದು ಸೆಕೆಂಡಿನ ಸಾವಿರದ ಆರು ಪಾಲಿನಷ್ಟು ಹೊತ್ತು ಮೋಟಾರಿಗೆ ವಿದ್ಯುತ್ತು ಹಾಯಿಸುತ್ತದೆ; ಎಂಜಿನ್ ಬೆಚ್ಚಿದಂತೆ ಒಂದಿಷ್ಟು ಅಲುಗುತ್ತದೆ. ಅದೇ ಅದರ 'ಹಾಜರ್'. ಮಾವನ ಎಂಜಿನ್ ಮೊದಲ ಸಲ ಹೀಗೆ ಅಲುಗಿದಾಗ ಅತ್ತೆ ಒಲೆಯ ಮೇಲಿನ ಹಾಲು ಬಿಟ್ಟು ಬಂದು ನೋಡಿದರು.

ಡಿಕೋಡರಿನ ಸ್ವಭಾವವನ್ನು ತಿದ್ದಲು ಅದರೊಳಗೆ ಸಂಖ್ಯೆ ಹಾಕಿದ ಮನೆಗಳಿವೆ. ಒಂದನೆಯ ಮನೆಯಲ್ಲಿ ವಿಳಾಸ; ಹೊಸ ಡಿಕೋಡರಿನಲ್ಲಿ ಅದು ೩ ಇರುತ್ತದೆ. ಎರಡನೆಯದರಲ್ಲಿ ಹೊರಡುವಾಗಿನ ವೋಲ್ಟು, ಮೂರನೆಯದರಲ್ಲಿ ವೇಗ ಏರುವ ನಿಧಾನ, ನಾಲ್ಕನೆಯದರಲ್ಲಿ ಇಳಿಯುವ ನಿಧಾನ, ಐದನೆಯದರಲ್ಲಿ ಗರಿಷ್ಠ ವೇಗ. ಇಪ್ಪತ್ತೊಂಬತ್ತನೆಯ ಮನೆಯಲ್ಲಿ ೬ ಎಂದು ಬರೆದರೆ ಆ ಎಂಜಿನ್ ಹಳೆಯ ಏಕಮುಖ ವಿದ್ಯುತ್ತಿನ ಹಳಿಯ ಮೇಲೂ ಓಡುತ್ತದೆ. ಇಂಥ ಉಭಯವಾಸಿಗಳು ದೊಡ್ಡ ರೈಲಿನಲ್ಲೂ ಇದ್ದವು. ಮುಂಬಯಿಯಲ್ಲಿ ೧೯೨೫ರಲ್ಲಿ ವಿದ್ಯುತ್ ರೈಲು ಶುರುವಾದದ್ದು ೧೫೦೦ ವೋಲ್ಟಿನ ಏಕಮುಖ ವಿದ್ಯುತ್ತಿನಿಂದ. ದೇಶದ ಉಳಿದೆಡೆ ೨೫,೦೦೦ ವೋಲ್ಟಿನ ಪರ್ಯಾಯ ವಿದ್ಯುತ್ತು ಬಂದ ಮೇಲೆ ಎರಡರಲ್ಲೂ ಓಡಬಲ್ಲ ಎಂಜಿನುಗಳನ್ನು ೧೯೭೦ರ ದಶಕದಿಂದ ಕಟ್ಟಬೇಕಾಯಿತು.

ವಿಳಾಸ ಕೊಡುವುದೆಂದರೆ ಒಂದು ರೀತಿಯಲ್ಲಿ ಅಂಕಿತ ಕೊಟ್ಟಂತೆ. ನಮ್ಮೂರಿನ ದಾಸರಿಗೆ ವಿಜಯವಿಠಲ, ಮಾನ್ವಿಯ ಜಗನ್ನಾಥದಾಸರಿಗೆ ಜಗನ್ನಾಥವಿಠಲ. ಯಾರ ಅಂಕಿತ ಯಾರದೆಂಬ ಗೊಂದಲ ಎಂದೂ ಇಲ್ಲ. ಎಂಜಿನಿಗೆ ಯಾವ ಸಂಖ್ಯೆ ಎಂದು ಹುಡುಗಿಯನ್ನು ಕೇಳಿದೆ. ರಾಯಚೂರಿಗೆ ರೈಲು ಬಂದದ್ದು ೧೮೭೧ರಲ್ಲಿ ಎಂದು ಅಜ್ಜ ಹೇಳುತ್ತಿದ್ದುದನ್ನು ಅವಳ ಅಪ್ಪ ನೆನಪಿಸಿದರು. ೭೧ ಎಂದು ನಿಶ್ಚಯವಾಯಿತು.

ಹಳೆಯ ಮೋಟಾರು ಹಿಂದೆ ಎಂದೂ ಓಡದಷ್ಟು ನಿಧಾನವಾಗಿ ಈಗ ಓಡುತ್ತದೆ. ಇದರ ಗುಟ್ಟು ಇಷ್ಟೆ. ಡಿಕೋಡರ್ ಮೋಟಾರಿಗೆ ವಿದ್ಯುತ್ತನ್ನು ಒಂದೇ ಸಮನೆ ಕೊಡದೆ, ಪೂರ್ತಿ ಬಲದ ಸಣ್ಣ ಸಣ್ಣ ಗುಕ್ಕುಗಳಾಗಿ ಕೊಡುತ್ತದೆ. ನಿಧಾನಕ್ಕೆ ಸಣ್ಣ ಗುಕ್ಕು, ವೇಗಕ್ಕೆ ದೊಡ್ಡ ಗುಕ್ಕು. ಎರಡು ಗುಕ್ಕುಗಳ ನಡುವಣ ಬಿಡುವಿನಲ್ಲಿ ತಿರುಗುತ್ತಿರುವ ಮೋಟಾರು ತಾನೇ ಡೈನಮೋ ಆಗಿ ಒಂದಿಷ್ಟು ವಿದ್ಯುತ್ತು ಹುಟ್ಟಿಸುತ್ತದೆ. ಡಿಕೋಡರ್ ಅದನ್ನು ಅಳೆದು, ಮೋಟಾರು ಬಳಲಿತೇ ಬೀಗಿತೇ ಎಂದು ತಿಳಿದು, ಮುಂದಿನ ಗುಕ್ಕನ್ನು ಹಿಗ್ಗಿಸುತ್ತದೆ ಇಲ್ಲವೆ ಕುಗ್ಗಿಸುತ್ತದೆ. ಎರಡು ಎಂಜಿನುಗಳಿಗೆ ಒಂದೇ ಆಜ್ಞೆ ಮುಟ್ಟುವಂತೆ ಜೋಡಿ ಕಟ್ಟಲೂಬಹುದು. ದೊಡ್ಡ ರೈಲಿನಲ್ಲಿ ಎರಡು ಎಂಜಿನುಗಳನ್ನು ಜೋಡಿಸಿ ಒಬ್ಬನೇ ಚಾಲಕ ಭಾರದ ಸರಕು ಗಾಡಿಯನ್ನು ಎಳೆಯುವುದಿಲ್ಲವೆ, ಹಾಗೆ.

ಒಂದು ಮಾತು ಹಳಿಯ ಬಗೆಗೂ. ಸುತ್ತು ದೊಡ್ಡದಾದಂತೆ ತಂತಿ ಕಟ್ಟಿದ ಕಡೆಯಿಂದ ದೂರದ ಹಳಿಗೆ ವಿದ್ಯುತ್ತು ಬಡವಾಗುತ್ತದೆ. ಕಾಲುವೆಯ ಕೊನೆಭಾಗದ ರೈತನ ಕಥೆ ಮಾನ್ವಿ, ರಾಯಚೂರು ತಾಲ್ಲೂಕಿನವರಿಗೆ ನಾನು ಹೇಳಬೇಕಾಗಿಲ್ಲ. ಕಾಲುವೆಗೆ ಏನು ಮಾಡಬೇಕೋ ದೊಡ್ಡವರು ನೋಡಲಿ. ಹಳಿಗಂತೂ ಉಪಾಯ ಸುಲಭ. ಕೆಳಗಿನಿಂದ ದಪ್ಪ ತಂತಿಯ ಒಂದು ಜೋಡಿಯನ್ನು ಎಳೆದು ಅಲ್ಲಲ್ಲಿ ಹಳಿಗೆ ಸಣ್ಣ ತಂತಿಗಳಿಂದ ಕೊಟ್ಟರಾಯಿತು.

ಇನ್ನು ಅತ್ತೆಯ ಮಾತು. ಹಳೆಯದನ್ನು ಇದ್ದ ಹಾಗೆ ಇಡಬೇಕೋ, ಬಿಚ್ಚಿ ಓಡಿಸಬೇಕೋ? ಮೈಸೂರಿನಲ್ಲಿ ೧೯೭೯ರಲ್ಲಿ ತೆರೆದ ರೈಲು ವಸ್ತುಸಂಗ್ರಹಾಲಯದ ಎಂಜಿನುಗಳು ನಿಂತೇ ಇವೆ. ನೋಡುವವರಿಗೆ ಅದರಿಂದ ನಷ್ಟವಿಲ್ಲ. ಇನ್ನೊಂದು ಕಡೆ ೧೮೫೫ರ ಫೇರಿ ಕ್ವೀನ್ ಎಂಬ ಉಗಿ ಎಂಜಿನನ್ನು ದುರಸ್ತಿ ಮಾಡಿ ೧೯೯೭ರಲ್ಲಿ ದೆಹಲಿಯಿಂದ ಅಲ್ವರಿಗೆ ಮತ್ತೆ ಓಡಿಸಿದರು. ವಾರಾಣಸಿಯ ಕಾರ್ಖಾನೆಯಲ್ಲಿ ಎರಡು ಹಳೆಯ ಡೀಸೆಲ್ ಎಂಜಿನುಗಳನ್ನು ೬೯ ದಿನಗಳಲ್ಲಿ ೧೦,೦೦೦ ಅಶ್ವಶಕ್ತಿಯ ಒಂದು ಜೋಡಿ ವಿದ್ಯುತ್ ಎಂಜಿನಾಗಿ ಮಾರ್ಪಡಿಸಿ ೨೦೧೯ರ ಫೆಬ್ರವರಿಯಲ್ಲಿ ಹಳಿಗೆ ಬಿಟ್ಟರು. ಡೀಸೆಲ್ ಎಂಜಿನಿಗೆ ಅತ್ತೆಯರಿಲ್ಲ, ಯಾರೂ ತಡೆದಿರಲಾರರು. ನನ್ನ ಮಟ್ಟಿಗೆ ಒಂದು ನಿಯಮ ಮಾಡಿಕೊಂಡೆ. ಮಾಡಿದ್ದೆಲ್ಲವನ್ನೂ ಮರಳಿ ತೆಗೆಯುವಂತೆ ಮಾಡಬೇಕು. ಕವಚವನ್ನು ಕೊರೆಯಬಾರದು, ಚೌಕಟ್ಟನ್ನು ಕತ್ತರಿಸಬಾರದು. ತೆಗೆದ ಕೆಪಾಸಿಟರನ್ನೂ ಹಳೆಯ ಸ್ಲೀವಿನ ತುಂಡನ್ನೂ ಒಂದು ಲಕೋಟೆಯಲ್ಲಿ ಹಾಕಿ, ತಾರೀಖು ಬರೆದು, ಬಾವುಟಗಳ ಕೆಳಗೆ ಇಟ್ಟಿದ್ದೇನೆ. ಬೇಕೆಂದವರು ಒಂದು ಸಂಜೆಯಲ್ಲಿ ಅದನ್ನು ಮಾವನ ಕಾಲದ ಎಂಜಿನನ್ನಾಗಿ ಮಾಡಬಹುದು. ಈ ಮಾತಿಗೆ ಅತ್ತೆ ಒಪ್ಪಿದರು. ಒಪ್ಪಿದ ಮೇಲೆಯೇ ಎರಡನೆಯ ಸಲ ತಿರುಪು ಬಿಚ್ಚಿದ್ದು.

ಹುಡುಗಿ ಬೆಂಗಳೂರಿಗೆ ಹಿಂದಿರುಗುವ ಹಿಂದಿನ ರಾತ್ರಿ ೭೧ನೆಯ ಸಂಖ್ಯೆಯ ಎಂಜಿನ್ ಅವಳ ಹೊಸ ಎಂಜಿನಿನ ಹಿಂದೆ, ಅದನ್ನು ಮುಟ್ಟದೆ, ಊಟದ ಹೊತ್ತಿನವರೆಗೂ ಸುತ್ತಿತು. ಈಗ ಅವಳ ಬೇಡಿಕೆ ಮುಂದೆ ಒಂದು ದೀಪ ಬೇಕೆಂಬುದು. ಬಿಳಿ ಮತ್ತು ನೀಲಿ ತಂತಿಗಳ ತುದಿಯನ್ನು ಮುಚ್ಚಿ ಒಳಗೇ ಮಡಿಸಿ ಇಟ್ಟಿದ್ದೇನೆ. ದೀಪ ಕೂರಿಸಬೇಕಾದರೆ ಎಂಜಿನಿನ ಮುಖದಲ್ಲಿ ಒಂದು ರಂಧ್ರ ಕೊರೆಯಬೇಕು. ಅದಕ್ಕೆ ಅತ್ತೆ ಇನ್ನೂ ಒಪ್ಪಿಲ್ಲ.